ಮನೆಯ ಕ್ರಿಸ್ಮಸ್ ಬರೆದಿಡಬೇಕೆಂದರೆ ಮೊದಲು ಲೋಟ ಅಳೆಯಿರಿ

ನಮ್ಮಜ್ಜಿ ಬರೆದ ಒಂದು ಚೀಟಿ ನನ್ನ ಹತ್ತಿರ ಇದೆ. ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಎಣ್ಣೆ ಕುಡಿದು ಕುಡಿದು ಆಚೆ ಬದಿಯ ಅಕ್ಷರವೂ ಈಚೆ ಕಾಣುತ್ತದೆ. ಅದರಲ್ಲಿ ಕ್ರಿಸ್ಮಸ್‌ಗೆ ಕರಿಯುವ ಸಿಹಿ ತಿಂಡಿ ಕಲ್‌ಕಲ್ ಮಾಡುವ ಅಳತೆ ಇದೆ: ಮೈದಾ 4 ಲೋಟ, ಸಕ್ಕರಿ 1 ಲೋಟ, ತತ್ತಿ 2, ತೆಂಗಿನ ಹಾಲು ಹಿಟ್ಟು ಹಿಡಿದಷ್ಟು. ತತ್ತಿ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಲೋಟ ಯಾವುದು? ಅಡುಗೆಮನೆಯ ಗೂಡಿನಲ್ಲಿ ಇರುತ್ತಿದ್ದ ಹಿತ್ತಾಳೆ ಲೋಟ. ಅಜ್ಜಿ ತೀರಿಕೊಂಡ ಮೇಲೆ ಹುಬ್ಬಳ್ಳಿ ಕೇಶ್ವಾಪುರದ ಹಳೇ ಮನೆ ಖಾಲಿ ಮಾಡುವಾಗ ಅದು ಹಳೇ ಪಾತ್ರೆಗಳ ಜೊತೆ ತೂಕಕ್ಕೆ ಹೋಯಿತು. ಈಗ ನಮ್ಮ ಮನೆಯಲ್ಲಿ ಪ್ರತಿ ವರ್ಷ ಕಲ್‌ಕಲ್ ಆಗುತ್ತದೆ, ಒಮ್ಮೆ ಗಟ್ಟಿ, ಒಮ್ಮೆ ಮೆತ್ತಗೆ, ಅಜ್ಜಿಯ ಕೈಯದು ಮಾತ್ರ ಇನ್ನೂ ಆಗಿಲ್ಲ.

ನೀವು ಬರೆಯುವವರಾಗಿದ್ದರೆ, ಕಥೆಯೋ ಕವಿತೆಯೋ ಅಂಕಣವೋ ಏನೇ ಇರಲಿ, ಈ ಡಿಸೆಂಬರಿನಲ್ಲಿ ಬೇರೆಲ್ಲ ಪಕ್ಕಕ್ಕಿಟ್ಟು ಮನೆಯ ಹಬ್ಬವನ್ನು ಬರೆದಿಡಿ. ಹಬ್ಬದ ವಾರದಲ್ಲಿ ಹೊಸ ಕಥೆ ಮುಗಿಸುತ್ತೇನೆ ಅಂತ ಹಟ ಹಿಡಿದರೆ ಕಥೆಯೂ ಆಗುವುದಿಲ್ಲ, ಹಬ್ಬವೂ ಆಗುವುದಿಲ್ಲ. ಬರೆಯುವ ಮೇಜಿನಿಂದ ಎದ್ದು ಅಡುಗೆಮನೆಗೆ ಹೋಗಿ. ಆ ತಿಂಗಳು ಬರವಣಿಗೆಯ ಸಾಮಾನೆಲ್ಲ ಅಲ್ಲೇ ಇರುತ್ತದೆ.

ಶುರು ಮಾಡಲು 24ನೇ ತಾರೀಖಿನವರೆಗೆ ಕಾಯಬೇಡಿ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ ಅಲ್ವಾ, ಮೊದಲ ಭಾನುವಾರವೇ ಒಂದು ಸಣ್ಣ ನೋಟ್‌ಬುಕ್ ತನ್ನಿ. ಮೇಲ್ತುದಿಗೆ ತೂತು ಹೊಡೆದು ದಾರ ಕಟ್ಟಿ ಅಡುಗೆಮನೆಯ ಮೊಳೆಗೆ ತೂಗುಹಾಕಿ. ಜೊತೆಗೆ ಪೆನ್ಸಿಲ್ ಇರಲಿ, ಪೆನ್ ಬೇಡ. ತುಪ್ಪ ಹತ್ತಿದ ಹಾಳೆಯ ಮೇಲೆ ಬಾಲ್‌ಪೆನ್ ಜಾರುತ್ತದೆ, ಪೆನ್ಸಿಲ್ ಹೇಗೋ ಮೂಡುತ್ತದೆ. ಒಣದ್ರಾಕ್ಷಿ, ಗೋಡಂಬಿ ಯಾವತ್ತು ನೆನೆಹಾಕಿದಿರಿ, ರಮ್ಮಿನಲ್ಲೋ ಕಿತ್ತಳೆ ರಸದಲ್ಲೋ, ಯಾವ ಬರಣಿಯಲ್ಲಿ, ಇಲ್ಲಿಂದಲೇ ಬರೆಯುತ್ತಾ ಹೋಗಿ.

ಈಗ ಲೋಟದ ವಿಷಯ. ನಿಮ್ಮ ಮನೆಯಲ್ಲಿ ಹಿಟ್ಟು, ಸಕ್ಕರೆ ಅಳೆಯುವ ಪಾತ್ರೆ ಒಂದಿರುತ್ತದೆ. ಅದು ಲೋಟವೋ, ಬಟ್ಟಲೋ, ಹಳೇ ಹಾಲಿನ ಪುಡಿ ಡಬ್ಬಿಯೋ ಇರಬಹುದು. ಅದನ್ನು ಖಾಲಿ ಇಟ್ಟು ತೂಗಿ, ಆಮೇಲೆ ಅಂಚಿನವರೆಗೆ ನೀರು ತುಂಬಿಸಿ ಮತ್ತೆ ತೂಗಿ. ಎಷ್ಟು ಗ್ರಾಂ ಜಾಸ್ತಿ ಬಂತೋ ಅಷ್ಟು ಎಂಎಲ್ ಲೋಟ ಅದು. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಔಷಧಿ ಬಾಟಲಿಯ ಮುಚ್ಚಳದಲ್ಲಿ 10 ಎಂಎಲ್ ಗೆರೆ ಇರುತ್ತದೆ, ಅದರಲ್ಲೇ ಎಣಿಸಿ ಸುರಿಯಿರಿ. ಬೇಸರದ ಕೆಲಸ ನಿಜ, ಆದರೆ ಒಂದೇ ಸಲ. ಲೋಟದ ಫೋಟೋ ತೆಗೆದು ಅಂಟಿಸಿ. 'ಹಿಟ್ಟು ಹಿಡಿದಷ್ಟು' ಅನ್ನುವ ಕಡೆ ಕೈಗೆ ಹೇಗೆ ತಿಳಿಯುತ್ತದೆ ಅಂತ ಕೇಳಿ ಬರೆಯಿರಿ. ನಮ್ಮವ್ವ ಹೇಳಿದ್ದು ಹೀಗೆ: "ಕಿವಿ ತುದಿ ಮುಟ್ಟಿ ನೋಡ್ಕೋ, ಹಿಟ್ಟು ಹಂಗ ಇರಬೇಕು."

ಕೈಕೆಲಸವನ್ನೂ ಹಾಗೇ ಹತ್ತಿರದಿಂದ ನೋಡಿ ಬರೆಯಿರಿ. 'ಎಲ್ಲರೂ ಸೇರಿ ಕಲ್‌ಕಲ್ ಮಾಡಿದೆವು' ಅಂದರೆ ಏನೂ ಕಾಣುವುದಿಲ್ಲ. ಗೋಲಿ ಗಾತ್ರದ ಹಿಟ್ಟನ್ನು ಫೋರ್ಕಿನ ಬೆನ್ನಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ, ಕೆಳಗಿನಿಂದ ಮೇಲಕ್ಕೆ ಸುರುಳಿ ಸುತ್ತಿದರೆ ಗೆರೆ ಗೆರೆಯ ಶಂಖದ ಹಾಗೆ ಆಗುತ್ತದೆ. ನಮ್ಮ ಮನೆಯಲ್ಲಿ ಫೋರ್ಕ್ ಎರಡೇ ಇದ್ದವು, ಮಕ್ಕಳು ಆರು ಜನ. ಅದಕ್ಕೆ ಅಜ್ಜಿ ಪ್ರತಿ ಡಿಸೆಂಬರಿನಲ್ಲಿ ನಾಲ್ಕು ಹೊಸ ಹಣಿಗೆ ತರುತ್ತಿದ್ದರು. ಹಬ್ಬ ಮುಗಿದ ಮೇಲೆ ಅವನ್ನು ತೊಳೆದು ನಮಗೇ ತಲೆ ಬಾಚಿಕೊಳ್ಳಲು ಕೊಡುತ್ತಿದ್ದರು. ಜನವರಿಯಲ್ಲಿ ಶಾಲೆಗೆ ಹೋಗುವಾಗ ತಲೆಗೆಲ್ಲ ತುಪ್ಪದ ವಾಸನೆ.

ಹಿರಿಯರನ್ನು ಮಾತಾಡಿಸುವುದು ಹೇಗೆ? ಎದುರಿಗೆ ಕೂರಿಸಿಕೊಂಡು ಕೇಳಬೇಡಿ. ನಾನು ಅವ್ವನಿಗೆ "ನಿಮ್ಮ ಕಾಲದಾಗ ಕ್ರಿಸ್ಮಸ್ ಹೆಂಗಿತ್ತು?" ಅಂತ ಕೇಳಿದಾಗ ಬಂದ ಉತ್ತರ, "ಹೆಂಗಿತ್ತು ಅಂದ್ರ? ಚೊಲೋ ಇತ್ತು." ಅಷ್ಟೇ. ಮರುದಿನ ಕರ್ಚೀಕಾಯಿಗೆ ಕೊಬ್ಬರಿ ತುರಿಯುತ್ತಾ ಪಕ್ಕದಲ್ಲಿ ಕೂತು, "ಬೆಟಗೇರಿಯೊಳಗ ಓವನ್ ಇರಲಿಲ್ಲಲ್ಲ, ಕೇಕ್ ಎಲ್ಲಿ ಸುಡ್ತಿದ್ರಿ?" ಅಂದೆ.

"ಬೇಕರಿ ಭಟ್ಟಿಗೆ ಒಯ್ತಿದ್ವಿ. ಅಣ್ಣ ಸೈಕಲ್ ಮ್ಯಾಲೆ ಡಬ್ಬಿ ಇಟ್ಕೊಂಡು ಹೋಗಾಂವ. ಒಂದ್ ಸಲ ಡಬ್ಬಿ ಅದಲಿಬದಲಿ ಆಗಿ ಯಾರದೋ ಕೇಕ್ ನಮ್ಮನಿಗೆ ಬಂತು. ತಿರುಗಿ ಕೊಡಾಕ ಹೋದ್ರ ಅವ್ರು ನಮ್ದನ್ನ ಆಗಲೇ ಅರ್ಧ ತಿಂದಿದ್ರು!"

ಕೈ ಕೆಲಸದಲ್ಲಿದ್ದಾಗ ಬಾಯಿ ಬಿಚ್ಚುತ್ತದೆ. ಸಣ್ಣ ಪ್ರಶ್ನೆ ಕೇಳಿ: ಕರಿಯಲು ಯಾರು ಕೂರುತ್ತಿದ್ದರು, ಡಬ್ಬಿ ಎಲ್ಲಿ ಬಚ್ಚಿಡುತ್ತಿದ್ದರು, ಹೊಸ ಬಟ್ಟೆ ಯಾರು ಹೊಲಿಯುತ್ತಿದ್ದರು. ಉತ್ತರ ಬಂದಾಗ ಅವರ ಮಾತನ್ನು ತಿದ್ದಬೇಡಿ. 'ಕೊಡಾಕ' ಅಂದದ್ದನ್ನು 'ಕೊಡಲು' ಅಂತ ಮಾಡಿದರೆ ಆ ಮನುಷ್ಯರೇ ಅಲ್ಲಿ ಇರುವುದಿಲ್ಲ. ನಿಮ್ಮ ನಿರೂಪಣೆ ನಿಮ್ಮ ಕನ್ನಡದಲ್ಲಿರಲಿ, ಅವರ ಮಾತು ಅವರದ್ದರಲ್ಲೇ ಇರಲಿ. ಹಳೇ ಪದ ಅರ್ಥವಾಗದಿದ್ದರೆ ಮೊದಲು ಅವರನ್ನೇ ಕೇಳಿ, ಆಮೇಲೆ ಕಿಟ್ಟೆಲ್ ನಿಘಂಟು ತೆಗೆಯಿರಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಪುಸ್ತಕ ಅದು, ಇವತ್ತಿನ ಸಣ್ಣ ನಿಘಂಟುಗಳಲ್ಲಿ ಇಲ್ಲದ ಎಷ್ಟೋ ಮನೆಮಾತು ಅದರಲ್ಲಿ ಸಿಗುತ್ತದೆ.

ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಾದರೆ ಹೇಳಿಯೇ ಮಾಡಿ, ಒಲೆಯಿಂದ ದೂರ ಇಡಿ, ಕುಕ್ಕರ್ ಸೀಟಿಗೆ ಮಾತೆಲ್ಲ ಮುಳುಗುತ್ತದೆ. ಅದೇ ದಿನ ಇನ್ನೊಂದು ಕಡೆ ಕಾಪಿ ಇಡಿ. ನನ್ನ ಫೋನ್ ರಿಪೇರಿಗೆ ಕೊಟ್ಟಾಗ ಅಂಗಡಿಯವರು ಎಲ್ಲ ಅಳಿಸಿ ಕೊಟ್ಟರು, ಕಾಕಾ ಹೇಳಿದ್ದ ರೈಲ್ವೆ ಕಾಲೋನಿಯ ಕ್ಯಾರಲ್ ರಾತ್ರಿಗಳ ಮುಕ್ಕಾಲು ಗಂಟೆಯ ಮಾತು ಹೋಯಿತು. ಕಾಕಾ ಈಗಿಲ್ಲ. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ದಯವಿಟ್ಟು ಕಾಪಿ ಇಡಿ.

ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಅದಕ್ಕೆ ಎಲ್ಲರಿಗೂ ಗೊತ್ತಿರುವ ಘಟನೆಗೆ ಗಂಟು ಹಾಕಿ. 2004ರ ಡಿಸೆಂಬರ್ 26ರಂದು ಸುನಾಮಿ ಬಂತು. ಆ ಹಿಂದಿನ ದಿನ ಯಾರ ಮನೆಯಲ್ಲಿ ಊಟ ಮಾಡಿದ್ದಿರಿ ಅಂತ ಕೇಳಿ, ಫಟ್ ಅಂತ ಹೇಳುತ್ತಾರೆ. 2020ರ ಕೊರೊನಾ ಕ್ರಿಸ್ಮಸ್ ಕೂಡ ಹಾಗೇ. ಇನ್ನೂ ಹಿಂದೆ ಹೋಗಬೇಕೆಂದರೆ ಸಭೆಯ, ಅಂದರೆ ಚರ್ಚಿನ, ದೀಕ್ಷಾಸ್ನಾನದ ರಿಜಿಸ್ಟರ್ ಕೇಳಿ. ನಮ್ಮ ಕಡೆ ಹಳೇ ಮನೆಗಳಲ್ಲಿ 'ಜರ್ಮನ್ ಪಾದ್ರಿಗಳ ಕಾಲದಿಂದ' ಅನ್ನುತ್ತಾರೆ. ಆ ಪಾದ್ರಿಗಳನ್ನು ಕಳಿಸಿದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839, ಬೆಟಗೇರಿಗೆ 1841. ಇದಿಷ್ಟು ಕೈಯಲ್ಲಿದ್ದರೆ ಮುತ್ತಜ್ಜನ ಕಥೆ ಎಲ್ಲಿ ಕೂರುತ್ತದೆ ಅಂತ ಅಂದಾಜಾಗುತ್ತದೆ. ರಿಜಿಸ್ಟರಿಗಾಗಿ ಸಭಾಪಾಲಕರನ್ನು, ಅಂದರೆ ಚರ್ಚಿನ ಪಾದ್ರಿಗಳನ್ನು, ಹೊಸ ವರ್ಷ ಕಳೆದ ಮೇಲೆ ಕೇಳಿ, ಡಿಸೆಂಬರಿನಲ್ಲಿ ಅವರಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ.

24 ಮತ್ತು 25ರಂದು ಬರೆಯಬೇಡಿ. ಆರಾಧನೆಗೆ ಹೋಗಿ, ಹಾಡಿ, ಮಕ್ಕಳ ಜೊತೆ ಗೋದಲಿ ಹತ್ತಿರ ಕೂರಿ. ಮಲಗುವ ಮುಂಚೆ ಐದು ಸಾಲು ಮಾತ್ರ: ಯಾರು ಬಂದರು, ಏನು ಅಂದರು, ಏನು ತಿಂದೆವು, ಯಾರು ಬರಲಿಲ್ಲ, ಚಳಿ ಎಷ್ಟಿತ್ತು. ಬರದೇ ಇದ್ದವರ ಹೆಸರು ಬರೆಯುವುದನ್ನು ಮರೆಯಬೇಡಿ.

ಅಕ್ಕಪಕ್ಕದ ಮನೆಗೆ ತಾಟು ಕಳಿಸುತ್ತೀರಲ್ಲ, ಅದನ್ನೂ ಬರೆಯಿರಿ. ನಮ್ಮ ಓಣಿಯಲ್ಲಿ ದೀಪಾವಳಿಗೆ ಅವರ ಮನೆಯಿಂದ ಚಕ್ಕುಲಿ, ರಂಜಾನಿಗೆ ಇವರ ಮನೆಯಿಂದ ಶೀರ್‌ಕುರ್ಮಾ, ಕ್ರಿಸ್ಮಸ್‌ಗೆ ನಮ್ಮ ಮನೆಯಿಂದ ಕರ್ಚೀಕಾಯಿ, ಕಲ್‌ಕಲ್, ಕೇಕ್. ಮೇಲೆ ಕ್ರೋಶಾ ಹೆಣೆದ ಬಟ್ಟೆ ಮುಚ್ಚಿರುತ್ತದೆ. ತಾಟು ಖಾಲಿ ವಾಪಸ್ ಬರಬಾರದು ಅಂತ ಒಂದು ಮುಷ್ಟಿ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಯಾವ ಮನೆಗೆ ಮೊದಲು ಹೋಗುತ್ತಿತ್ತು, ಯಾವ ಮನೆಗೆ ತತ್ತಿ ಹಾಕದ ಕೇಕ್ ಬೇರೆ ಮಾಡುತ್ತಿದ್ದರು ಅಂತ ಬರೆದರೆ ಓಣಿಯ ಚರಿತ್ರೆಯೇ ಸಿಗುತ್ತದೆ.

ನಿಜವಾದ ಬರವಣಿಗೆ 26ರಿಂದ. ಜನವರಿ 6ರ ಜ್ಞಾನಿಗಳ ಹಬ್ಬದವರೆಗೆ ಸಮಯ ಇದೆ. ಬೆಳಿಗ್ಗೆ ಐದಕ್ಕೆ ಎದ್ದು, ಶಾಲು ಹೊದ್ದು, ಮನೆ ಏಳುವವರೆಗೆ ಒಂದು ಗಂಟೆ ಕೂರಿ. ಒಂದು ದಿನಕ್ಕೆ ಒಂದೇ ವಿಷಯ. ಹಿಮ, ಸ್ಲೆಡ್ಜ್ ಗಾಡಿಯಿಂದ ಶುರು ಮಾಡಬೇಡಿ, ನಮ್ಮ ಡಿಸೆಂಬರ್ ಹಾಗಿಲ್ಲ. ಇಲ್ಲಿ ಹೊಲದಲ್ಲಿ ಜೋಳ, ಕಡಲೆ, ಕುಸುಬೆ ಇರುತ್ತದೆ, ಬೆಳಿಗ್ಗೆ ಮಂಜು, ಮಧ್ಯಾಹ್ನ ಚುರುಗುಟ್ಟುವ ಬಿಸಿಲು. ಅಣ್ಣ ಒಂದು ಹೇಳುತ್ತಾನೆ, ಚಿಗವ್ವ ಇನ್ನೊಂದು ಹೇಳುತ್ತಾರೆ ಅಂದರೆ ಎರಡನ್ನೂ ಬರೆಯಿರಿ, ತೀರ್ಪು ಕೊಡಬೇಡಿ. ಜಗಳ, ಸಾಲ, ಮುರಿದ ಮದುವೆಯಂಥ ಮಾತು ಬಂದರೆ ಸಂಬಂಧಪಟ್ಟವರನ್ನು ಕೇಳದೆ ಹೊರಗೆ ಯಾರಿಗೂ ತೋರಿಸಬೇಡಿ.

ಬರೆದಾದ ಮೇಲೆ ಎಲ್ಲರೂ ಇರುವಾಗ ಗಟ್ಟಿಯಾಗಿ ಓದಿ. ಸುಮ್ನೆ ಕೂತಿದ್ದವರೂ ಮಧ್ಯೆ ಬಾಯಿ ಹಾಕುತ್ತಾರೆ, ತಪ್ಪು ಹಿಡಿಯುತ್ತಾರೆ, ಆಗ ಬರುವ ಮಾತೇ ಬರೆದದ್ದಕ್ಕಿಂತ ಚೆನ್ನಾಗಿರುತ್ತದೆ. ಆಮೇಲೆ ಝೆರಾಕ್ಸ್ ಅಂಗಡಿಯಲ್ಲಿ ನಾಲ್ಕೈದು ಪ್ರತಿ ತೆಗೆಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿ, ಅಕ್ಕತಂಗಿಯರ ಮನೆಗೆ ಒಂದೊಂದು ಕೊಡಿ. ಬಲಗಡೆಯ ಪುಟಗಳನ್ನು ಖಾಲಿ ಬಿಡಿಸಿ. ನಮ್ಮ ಪ್ರತಿಯಲ್ಲಿ ಕೇಕಿನ ಪುಟದ ಎದುರು ಅವ್ವ ಈಗಾಗಲೇ ಪೆನ್ಸಿಲಿನಿಂದ ಬರೆದಿದ್ದಾರೆ: "ಜಾಜಿಕಾಯಿ ಬಿಟ್ಟೀದಿ. ಅರ್ಧ ಸಾಕು."