ನಮ್ಮ ಪದ್ಮಿನಿಗೆ ಸರಿಯಾದ ಕೂಲೆಂಟ್ ಸಿಕ್ಕಿದ್ದು

ನಮ್ಮದು 1988ರ ಪ್ರೀಮಿಯರ್ ಪದ್ಮಿನಿ ಕಾರು. ಅಪ್ಪ ಓಡಿಸುತ್ತಿದ್ದ ಗಾಡಿ, ಈಗ ನನ್ನ ಕೈಯಲ್ಲಿದೆ. ಹಾಸನದ ಮನೆಯ ಬೋರ್‌ವೆಲ್ ನೀರನ್ನೇ ವರ್ಷಗಟ್ಟಲೆ ಅದರ ರೇಡಿಯೇಟರಿಗೆ ಹಾಕಿದೆವು. ಮಂಗಳೂರಿನಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಶುರುವಾದರೆ ಸಾಕು, ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ಡಿಕ್ಕಿಯಲ್ಲಿ ಎರಡು ಕ್ಯಾನ್ ನೀರು ಯಾವಾಗಲೂ ಇರಲೇಬೇಕಿತ್ತು.

ಬರೀ ನೀರು ಬೇಡ, ನೀರಿಗೆ ಬೆರೆಸಿ ಇಂಜಿನ್ ತಣ್ಣಗಿಡುವ, ತುಕ್ಕು ತಡೆಯುವ ಕೂಲೆಂಟ್ ಹಾಕೋಣ ಅನ್ನಿಸಿ ಅಂಗಡಿಗೆ ಹೋದೆ. ‘ಇದನ್ನು ಹಾಕಿ, ಐದು ವರ್ಷ ಮುಟ್ಟಬೇಡಿ’ ಎಂದು ಪಿಂಕ್ ಬಣ್ಣದ ಕೂಲೆಂಟ್ ಕೊಟ್ಟರು. ಬೆಲೆ ಜಾಸ್ತಿ, ಹಾಗಾಗಿ ಒಳ್ಳೆಯದೇ ಇರಬೇಕು ಎಂದುಕೊಂಡೆ. ಎಂಟು ತಿಂಗಳಿಗೆ ರೇಡಿಯೇಟರ್ ಸೋರಿತು. ರಿಪೇರಿಯವರು ಮೇಲಿನ ಟ್ಯಾಂಕ್ ಬಿಚ್ಚಿ ತೋರಿಸಿದರು. ಬೆಸುಗೆ ಇದ್ದ ಕಡೆಯೆಲ್ಲ ಸುಣ್ಣದ ಪುಡಿಯಂಥ ಬಿಳಿ ಪದರ. ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಕೆಲವು ಟ್ಯೂಬುಗಳ ಬಾಯಿ ಮಾತ್ರ ಕಂದು ಕಿಟ್ಟದಿಂದ ಮುಚ್ಚಿಹೋಗಿತ್ತು. ಅದು ನಮ್ಮ ಬೋರ್‌ವೆಲ್ ನೀರಿನ ಕೆಲಸ.

ಆಮೇಲೆ ಕೂತು ಓದಿದೆ. ಪದ್ಮಿನಿಯ ಇಂಜಿನ್ ಬ್ಲಾಕ್ ಎರಕದ ಕಬ್ಬಿಣ, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ, ರೇಡಿಯೇಟರ್ ತಾಮ್ರ ಮತ್ತು ಹಿತ್ತಾಳೆ, ಅದನ್ನು ಕೂಡಿಸಿರುವುದು ಸೀಸದ ಬೆಸುಗೆ. ಇಷ್ಟೂ ಲೋಹ ಒಂದೇ ನೀರಿನಲ್ಲಿ ನೆನೆಯುತ್ತಿರುತ್ತವೆ. ಐದು ವರ್ಷದ ಕೂಲೆಂಟುಗಳು ಹೆಚ್ಚಾಗಿ ‘ಓಎಟಿ’ (ಆರ್ಗ್ಯಾನಿಕ್ ಆಸಿಡ್ ಟೆಕ್ನಾಲಜಿ) ಜಾತಿಯವು. ಅಲ್ಯೂಮಿನಿಯಂ ರೇಡಿಯೇಟರ್ ಇರುವ ಹೊಸ ಕಾರುಗಳಿಗೆ ಅವು ಸರಿ. ತುಕ್ಕು ತಡೆಯಲು ಅವುಗಳಲ್ಲಿರುವ ಸಾವಯವ ಆಮ್ಲಗಳು ಸೀಸದ ಬೆಸುಗೆಗೆ ಒಗ್ಗುವುದಿಲ್ಲ, ಸೋರದಂತೆ ಕೂಡುವ ಜಾಗಗಳಲ್ಲಿ ಹಾಕುವ ಕೆಲವು ಹಳೆ ಗ್ಯಾಸ್ಕೆಟ್‌ಗಳಿಗೂ ಆಗಿಬರುವುದಿಲ್ಲ. ಹಳೆಯ ‘ಐಎಟಿ’ (ಇನಾರ್ಗ್ಯಾನಿಕ್ ಅಡಿಟಿವ್ ಟೆಕ್ನಾಲಜಿ) ಜಾತಿಯದರಲ್ಲಿ ಸಿಲಿಕೇಟ್‌ನಂಥ ಲವಣಗಳಿರುತ್ತವೆ. ಅವು ಲೋಹದ ಮೇಲೆ ತೆಳು ಪೊರೆ ಕಟ್ಟುತ್ತವೆ, ಎರಡು ವರ್ಷದಲ್ಲಿ ಸವೆದು ಮುಗಿಯುತ್ತವೆ. ಬ್ರಿಟನ್ನಿನ ಹಳೆ ವಾಹನಗಳ ಒಕ್ಕೂಟವೂ ಹಳೆ ಗಾಡಿಗಳಿಗೆ ಈ ಸಾಂಪ್ರದಾಯಿಕ ಕೂಲೆಂಟನ್ನೇ ಹೇಳುತ್ತದೆ.

ಆದರೆ ಹಸಿರು ಬಣ್ಣ ನೋಡಿ ತಗೋಬೇಡಿ. ಬಣ್ಣ ಸುಮ್ನೆ ಡೈ. ಹಸಿರು ಬಣ್ಣದ ಓಎಟಿಯೂ ಅಂಗಡಿಯಲ್ಲಿದೆ. ನಾನು ಈಗ ಡಬ್ಬಿ ತಿರುಗಿಸಿ ಹಿಂಬದಿ ಓದುತ್ತೇನೆ. ಕೂಲೆಂಟಿನ ಮೂಲ ದ್ರವವಾದ ಎಥಿಲೀನ್ ಗ್ಲೈಕಾಲ್, ಸಿಲಿಕೇಟ್ ಇರುವ ಐಎಟಿ, ತಾಮ್ರ ಹಿತ್ತಾಳೆ ರೇಡಿಯೇಟರಿಗೆ ಆಗುತ್ತದೆ ಎಂಬ ಮಾತು, ಕೂಲೆಂಟಿನ ಭಾರತೀಯ ಮಾನಕವಾದ ಐಎಸ್ 5759 ಗುರುತು, ಇಷ್ಟು ಇದ್ದರೆ ತರುತ್ತೇನೆ. ರೆಡಿಮೇಡ್ ಮಿಕ್ಸ್ ಬದಲು ನೀರು ಬೆರೆಸದ ಕಾನ್ಸಂಟ್ರೇಟ್ ತಂದೆ, ಎಷ್ಟು ಬೆರೆಸಬೇಕು ಎನ್ನುವುದು ನಮ್ಮ ಕೈಯಲ್ಲೇ ಇರಲಿ ಎಂದು.

ಅರ್ಧಕ್ಕರ್ಧ ಬೆರೆಸಿದರೆ ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಹಾಸನದಲ್ಲಿ ಅದು ಯಾರಿಗೆ ಬೇಕು, ಅಲ್ವಾ? ಶಾಖ ಹೊತ್ತೊಯ್ಯುವುದರಲ್ಲಿ ಗ್ಲೈಕಾಲ್‌ಗಿಂತ ನೀರೇ ಮೇಲು. ಹಾಗಂತ ತೀರಾ ಕಡಿಮೆ ಹಾಕಿದರೆ ತುಕ್ಕು ತಡೆಯುವ ಶಕ್ತಿ ಉಳಿಯುವುದಿಲ್ಲ. ಡಬ್ಬಿಯ ಮೇಲಿನ ಅಳತೆಯೂ ನೋಡಿಕೊಂಡು ಮೂರರಲ್ಲಿ ಒಂದು ಪಾಲಿಗೆ ನಿಂತೆ. ನನ್ನ ಗಾಡಿಗೆ ಹಿಡಿದದ್ದು ನಾಲ್ಕೂವರೆ ಲೀಟರ್. ಒಂದೂವರೆ ಲೀಟರ್ ಕೂಲೆಂಟ್, ಮೂರು ಲೀಟರ್ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರು ಒಂದು ಲೋಟವೂ ಸೇರಿಸಲಿಲ್ಲ.

ಅದಕ್ಕೂ ಮೊದಲು ರೇಡಿಯೇಟರ್ ಬಿಚ್ಚಿ ಟ್ಯೂಬುಗಳಿಗೆ ಕಡ್ಡಿ ಹೊಡೆಸಿ, ಹೊಸ ಬೆಸುಗೆ ಹಾಕಿಸಿದೆ. ಬ್ಲಾಕಿಗೆ ಪೈಪ್ ಹಿಡಿದು, ಹೊರಬರುವ ನೀರು ತಿಳಿಯಾಗುವ ತನಕ ತೊಳೆದೆ. ಪಿಂಕ್ ಸ್ವಲ್ಪವೂ ಉಳಿಯಬಾರದು. ಎರಡು ಜಾತಿ ಬೆರೆತರೆ ಲೋಳೆಗಟ್ಟುವುದುಂಟು. ಕೊನೆಗೆ ಒಂದು ಸಲ ಡಿಸ್ಟಿಲ್ಡ್ ವಾಟರಿನಿಂದಲೂ ತೊಳೆದೆ. ಇಳಿಸಿದ ಹಳೆ ಕೂಲೆಂಟನ್ನು ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದಿಟ್ಟೆ. ಅದು ಸಿಹಿ, ಹಾಗೇ ವಿಷ. ಬೀದಿ ನಾಯಿ ನೆಕ್ಕಿದರೂ ಸಾಯಬಹುದು. ದಯವಿಟ್ಟು ಚರಂಡಿಗೆ ಚೆಲ್ಲಬೇಡಿ.

ಬಿಚ್ಚಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ, ಥರ್ಮೋಸ್ಟಾಟ್, ಇರಲೇ ಇಲ್ಲ! ‘ತೆಗೆದರೆ ಗಾಡಿ ತಣ್ಣಗಿರುತ್ತೆ’ ಎಂದು ಯಾವುದೋ ಕಾಲದಲ್ಲಿ ಕಿತ್ತಿದ್ದರು. ಇಂಜಿನ್ ಸರಿಯಾಗಿ ಬಿಸಿಯಾಗದೆ ಪೆಟ್ರೋಲ್ ಕುಡಿಯುತ್ತಿದ್ದುದು ಇದಕ್ಕೇ ಇರಬೇಕು. ಹೊಸದನ್ನು ಹಾಕುವ ಮುಂಚೆ ಹಳೆ ಪಾತ್ರೆಯಲ್ಲಿ ನೀರು ಕಾಯಿಸಿ, ದಾರ ಕಟ್ಟಿ ಇಳಿಬಿಟ್ಟು ನೋಡಿದೆ. 80 ಡಿಗ್ರಿ ದಾಟಿದ ಸ್ವಲ್ಪ ಹೊತ್ತಿಗೆ ಅದರ ಬಿಲ್ಲೆ ಮೆಲ್ಲಗೆ ಮೇಲೆದ್ದು ಬಾಯಿ ಬಿಟ್ಟಿತು. ನೋಡಲು ಖುಷಿಯಾಯಿತು. ರೇಡಿಯೇಟರ್ ಮುಚ್ಚಳವನ್ನೂ ಬದಲಿಸಿದೆ. ಕುಕ್ಕರಿನ ಹಾಗೆ ಒತ್ತಡ ಹಿಡಿದು, ನೀರು ಬೇಗ ಕುದಿಯದಂತೆ ನೋಡಿಕೊಳ್ಳುವುದು ಅದೇ.

ಕಳೆದ ಬೇಸಿಗೆಯಲ್ಲಿ ನಾಲ್ಕು ಜನ ಕೂತು ಮಧ್ಯಾಹ್ನದ ಬಿಸಿಲಲ್ಲಿ ಶಿರಾಡಿ ಹತ್ತಿದೆವು. ಲಾರಿಗಳ ಹಿಂದೆ ಎರಡನೇ ಗೇರಿನಲ್ಲೇ ಬಂದರೂ ಮುಳ್ಳು ನಡುವೆಯೇ ನಿಂತಿತ್ತು. ಡಿಕ್ಕಿಯಲ್ಲಿ ಈಗಲೂ ಎರಡು ಲೀಟರ್ ಇಡುತ್ತೇನೆ, ಅದೇ ಅಳತೆಯಲ್ಲಿ ಬೆರೆಸಿದ್ದು. ಬಾನೆಟ್ ಒಳಗೆ ಮಾರ್ಕರಿನಲ್ಲಿ ಕೂಲೆಂಟ್ ಹಾಕಿದ ತಾರೀಖು, ಅದರ ಕೆಳಗೆ ‘ಐಎಟಿ ಮಾತ್ರ’ ಎಂದು ಬರೆದಿದ್ದೇನೆ.