ಮಳೆಗಾಲದ ಹಸಿರು, ಕಡಲಿನ ಮಬ್ಬು: ಫೋಟೊ ತಿದ್ದುವುದು, ಹಂಚುವುದು ಹೇಗೆ

ಜುಲೈನಲ್ಲಿ ಶಿರಸಿ, ಸಿದ್ದಾಪುರದ ಕಡೆ ಗದ್ದೆಬಯಲಿನ ಫೋಟೊ ತೆಗೆದರೆ ಅದರಲ್ಲಿ ಕಡಿಮೆಯೆಂದರೂ ಮೂರು ಹಸಿರು ಇರುತ್ತವೆ. ಭತ್ತದ ಅಗೆಯದು ಹಳದಿಗೆ ಹತ್ತಿರ, ಅಡಿಕೆ ತೋಟದ್ದು ಕಡುಹಸಿರು, ಹಿಂದಿನ ಗುಡ್ಡದ್ದು ನೀಲಿಗೆ ತಿರುಗಿದ್ದು. ಸ್ಯಾಚುರೇಷನ್ (ಬಣ್ಣದ ಗಾಢತೆ) +40ಕ್ಕೆ ಎಳೆದ ಕೂಡಲೇ ಮೂರೂ ಒಂದಾಗಿ ಪ್ಲಾಸ್ಟಿಕ್ ಹುಲ್ಲಿನ ಹಾಗೆ ಕಾಣುತ್ತವೆ. ನಮ್ಮ ಕಡೆಯ ಫೋಟೊ ಕೆಡುವುದು ಹೆಚ್ಚಾಗಿ ಇಲ್ಲೇ.

ಮೊದಲು ಫೈಲಿನ ಮಾತು. ಆದಷ್ಟು ರಾ ಫೈಲನ್ನೇ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲನ್ನೇ ತಿದ್ದಿ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳು ಮಾತ್ರ, 14 ಬಿಟ್ ರಾ ಫೈಲಿನಲ್ಲಿ 16,384. ಸಂಜೆಯ ಆಕಾಶವನ್ನು ಜೆಪೆಗ್‌ನಲ್ಲಿ ಎಳೆದಾಡಿದರೆ ಪಟ್ಟೆ ಪಟ್ಟೆಯಾಗುವುದು ಇದಕ್ಕೇ. ದುಡ್ಡು ಕೊಡಲು ಮನಸ್ಸಿಲ್ಲದವರಿಗೆ ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ಇಲ್ಲಿ ಕೊಟ್ಟ ಅಂಕಿಗಳು ಅಡೋಬ್‌ನ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್‌ನ ಅಳತೆಯವು. ಬೇರೆ ಆ್ಯಪ್‌ನಲ್ಲಿ ಅಂಕಿ ಬದಲಾದರೂ ದಿಕ್ಕು ಅದೇ.

ಹಸಿರಿಗೆ ಕೈ ಹಾಕುವ ಮುಂಚೆ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡುವ ಹೊಂದಿಕೆ) ಸರಿಮಾಡಿ. ಮೋಡದ ಬೆಳಕಿಗೆ 6000ದಿಂದ 6500 ಕೆಲ್ವಿನ್ ಸಾಕು. ಕಾಡಿನೊಳಗೆ ಎಲೆಗಳಿಂದ ಸೋಸಿ ಬಂದ ಬೆಳಕು ಕಲ್ಲು, ಕಾಂಡ, ಮುಖ ಎಲ್ಲಕ್ಕೂ ಹಸಿರು ಬಳಿದಿರುತ್ತದೆ. ಟಿಂಟ್ ಸ್ಲೈಡರನ್ನು ಹಸಿರಿನಿಂದ ಮಜೆಂಟಾ (ನೇರಳೆಗೆಂಪು) ಕಡೆ 8–12 ಸರಿಸಿದರೆ ಅದು ಹೋಗುತ್ತದೆ. ಕಾಂಡದ ಮೇಲಿನ ಬಿಳಿ ಕಲ್ಲುಹೂವು ಬಿಳಿಯಾಗಿ ಕಂಡರೆ ಅಲ್ಲಿಗೆ ನಿಲ್ಲಿಸಿ.

ಆಮೇಲೆ ಬಣ್ಣ ಬಣ್ಣದ ಸ್ಲೈಡರ್‌ಗಳು. ಎಲೆ ನಮ್ಮ ಕಣ್ಣಿಗೆ ಹಸಿರು, ಫೈಲಿನಲ್ಲಿ ಮಾತ್ರ ಬಹುಪಾಲು ಹಳದಿ. ಗ್ರೀನ್ ಸ್ಲೈಡರ್ ಎಷ್ಟು ತಿರುಗಿಸಿದರೂ ಏನೂ ಆಗುತ್ತಿಲ್ಲ ಅನ್ನಿಸುವುದು ಅದಕ್ಕೇ. ಯೆಲ್ಲೋ ಸ್ಯಾಚುರೇಷನ್ −10ರಿಂದ −20, ಗ್ರೀನ್ ಲ್ಯೂಮಿನನ್ಸ್ (ಆ ಬಣ್ಣದ ಹೊಳಪು) −10 ಮಾಡಿ ನೋಡಿ. ಯೆಲ್ಲೋ ಹ್ಯೂ (ಬಣ್ಣದ ಛಾಯೆ) ಮಾತ್ರ ಹಸಿರಿನ ಕಡೆ ತಳ್ಳಬೇಡಿ, ಅಗೆಯ ಎಳೆತನವೇ ಹೊರಟುಹೋಗುತ್ತದೆ. ಇನ್ನು, ಒದ್ದೆ ಎಲೆಯ ಮೇಲಿನ ಬಿಳಿ ಹೊಳಪು ಆಕಾಶದ ಪ್ರತಿಬಿಂಬ. ಅದರೊಳಗೆ ಹಸಿರೇ ಇಲ್ಲ, ಯಾವ ಸ್ಲೈಡರೂ ತರಲಾರದು. ತೆಗೆಯುವಾಗಲೇ ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸಬೇಕು. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಹೋಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ), ಟ್ರೈಪಾಡ್ ಇರಲಿ.

ಯಾಣದಲ್ಲಿ ತೊಂದರೆ ಬೇರೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ಕಪ್ಪು, ಹಿಂದಿನ ಆಕಾಶ ಬಿಳುಪು. ಶ್ಯಾಡೋಸ್ (ನೆರಳಿನ ಭಾಗದ ಬೆಳಕು) +80ಕ್ಕೆ ಏರಿಸಿದರೆ ಬಂಡೆ ಸಿಮೆಂಟ್ ಗೋಡೆಯಂತಾಗಿ, ಮೇಲಿಂದ ಕಾಳು ಕಾಳು ನಾಯ್ಸ್ ಬರುತ್ತದೆ. +30ರ ಆಸುಪಾಸು ಇಟ್ಟು, ಬ್ಲ್ಯಾಕ್ಸ್ ಸ್ವಲ್ಪ ಇಳಿಸಿ. ಅದು ಕಪ್ಪಾಗಿರಬೇಕಾದ ಕಲ್ಲು.

ಕಾರವಾರ, ಗೋಕರ್ಣದ ಸೂರ್ಯಾಸ್ತದಲ್ಲಿ ಮೊದಲು ಕೈಕೊಡುವುದು ಕೆಂಪು ಚಾನೆಲ್. ಒಟ್ಟು ಹಿಸ್ಟೊಗ್ರಾಂ (ಕಪ್ಪಿನಿಂದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿ ಕಂಡರೂ ಕೆಂಪು ಬಲಗೋಡೆಗೆ ಬಡಿದಿರುತ್ತದೆ, ಹಾಗಾಗಿ ಕ್ಯಾಮೆರಾದಲ್ಲಿ ಮೂರೂ ಬಣ್ಣದ ಹಿಸ್ಟೊಗ್ರಾಂ ಬೇರೆ ಬೇರೆಯಾಗಿ ನೋಡಿ, ಬೇಕಾದರೆ −1 ಎಕ್ಸ್‌ಪೋಷರ್ ಕೊಡಿ. ಎಡಿಟ್‌ನಲ್ಲಿ ಹೈಲೈಟ್ಸ್ −100 ಮಾಡಿದರೆ ಸೂರ್ಯ ಬೂದು ತಟ್ಟೆಯಾಗುತ್ತಾನೆ. ಅವನು ಬಿಳಿಯಾಗಿಯೇ ಇರಲಿ ಬಿಡಿ.

ಕಡಲ ಫೋಟೊಗೆ ಕ್ರಮ ಮುಖ್ಯ: ಮೊದಲು ಲೆನ್ಸ್ ಕರೆಕ್ಷನ್, ಆಮೇಲೆ ದಿಗಂತ ನೇರ ಮಾಡುವುದು. ಲೆನ್ಸ್ ಬಗ್ಗಿಸಿದ ಗೆರೆಯನ್ನು ತಿರುಗಿಸಿ ನೇರ ಮಾಡಲು ಬರುವುದಿಲ್ಲ. ನಂತರ ಮಬ್ಬು ಕಳೆಯುವ ಡಿಹೇಝ್ +10ರಿಂದ +15. ಜಾಸ್ತಿಯಾದರೆ ದೂರದ ದ್ವೀಪದ ಅಂಚಿಗೆ ಬಿಳಿ ಗೆರೆ ಬರುತ್ತದೆ. ಕಲೆ ಒರೆಸುವುದು ಕೊನೆಗೆ, ಯಾಕೆಂದರೆ ಉಪ್ಪುನೀರಿನ ಹನಿಯ ಗುರುತು ಡಿಹೇಝ್ ಆದ ಮೇಲೇ ಎದ್ದು ಕಾಣುವುದು. ಆ ಹನಿಯನ್ನು ಒಣಬಟ್ಟೆಯಿಂದ ಉಜ್ಜಿದರೆ ಉಪ್ಪು, ಮರಳು ಸೇರಿ ಗಾಜು ಗೀರುತ್ತದೆ. ಬ್ಲೋವರ್‌ನಿಂದ ಊದಿ, ಆಮೇಲೆ ತುಸು ತೇವದ ಲೆನ್ಸ್ ಬಟ್ಟೆ.

ಉಂಚಳ್ಳಿ, ಮಾಗೋಡಿನಂಥ ಜಲಪಾತಕ್ಕೆ ಡಿಹೇಝ್ ಇಡೀ ಚಿತ್ರಕ್ಕೆ ಬೇಡ, ತುಂತುರು ಹೊಗೆಯ ಬಣ್ಣಕ್ಕೆ ತಿರುಗುತ್ತದೆ. ಮಾಸ್ಕ್ ಹಾಕಿ, ಅಂದರೆ ಆ ಭಾಗವನ್ನಷ್ಟೇ ಆಯ್ದು, ಕಾಡಿಗಷ್ಟೇ ಕೊಡಿ.

ಫೋನಿನಲ್ಲಿ ತಿದ್ದುವವರು ಪರದೆಯ ವಿವಿಡ್ ಮೋಡ್, ರಾತ್ರಿಯ ಹಳದಿ ಬೆಳಕು ಎರಡನ್ನೂ ಆಫ್ ಮಾಡಿಕೊಳ್ಳಿ, ಬ್ರೈಟ್‌ನೆಸ್ ಅರ್ಧಕ್ಕಿಡಿ.

ಹಂಚಲು ಫೋನು, ವೆಬ್‌ಗಳ ಸಾಮಾನ್ಯ ಬಣ್ಣದ ವ್ಯಾಪ್ತಿಯಾದ ಎಸ್‌ಆರ್‌ಜಿಬಿ, ಉದ್ದದ ಬದಿ 2048 ಪಿಕ್ಸೆಲ್, ಜೆಪೆಗ್ ಗುಣಮಟ್ಟ 80–85. ಅದಕ್ಕಿಂತ ಹಿರಿದಾದ ಅಡೋಬ್ ಆರ್‌ಜಿಬಿಯಲ್ಲಿ ಉಳಿಸಿದ ಫೋಟೊ ಬೇರೆಯವರ ಫೋನಿನಲ್ಲಿ ಪೇಲವವಾಗಿ ಕಾಣಬಹುದು. ಆಗ ಅವರು ಮತ್ತೆ ಸ್ಯಾಚುರೇಷನ್ ಹೆಚ್ಚಿಸಲು ಹೇಳುತ್ತಾರೆ, ನೀವೂ ಹೆಚ್ಚಿಸುತ್ತೀರಿ.

ಗೆಳೆಯರ ಅಭಿಪ್ರಾಯ ಬೇಕಿದ್ದರೆ ಎಡಿಟ್ ಆದದ್ದರ ಜೊತೆ ಮೂಲವನ್ನೂ ಕಳಿಸಿ, ಏನು ಬದಲಿಸಿದಿರಿ ಎಂದು ಎರಡು ಸಾಲು ಬರೆಯಿರಿ. ಇಬ್ಬರದೂ ಒಂದೇ ಸಾಫ್ಟ್‌ವೇರ್ ಆದರೆ ರಾ ಫೈಲಿನ ಜೊತೆ ಎಡಿಟ್‌ನ ವಿವರ ಇರುವ ಪುಟ್ಟ ಫೈಲನ್ನೂ (ಲೈಟ್‌ರೂಮ್, ಡಾರ್ಕ್‌ಟೇಬಲ್‌ಗಳಲ್ಲಿ ಎಕ್ಸ್‌ಎಂಪಿ) ಕೊಟ್ಟರಾಯಿತು, ನೀವು ಮಾಡಿದ ಬದಲಾವಣೆಗಳು ಅಲ್ಲೂ ತೆರೆದುಕೊಳ್ಳುತ್ತವೆ. ಡಾರ್ಕ್‌ಟೇಬಲ್‌ನ ಎಡಿಟ್ ಲೈಟ್‌ರೂಮ್‌ನಲ್ಲಿ ಕಾಣದು. ‘ಸೂಪರ್’ ಎಂದಷ್ಟೇ ಹೇಳುವವರಿಗಿಂತ ‘ಎಡಮೂಲೆಯ ತೋಟ ತೀರಾ ಕಪ್ಪಾಯ್ತು’ ಎನ್ನುವವರಿಗೆ ಕಳಿಸುವುದು ಲೇಸು.

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಎಂದು ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಆದರೆ ಅದರ ಜೊತೆಗೆ ಜಿಪಿಎಸ್ ಜಾಗವೂ ಹೋಗುತ್ತದೆ. ದಾಂಡೇಲಿಯ ಮಂಗಟ್ಟೆ ಹಕ್ಕಿಯ ಗೂಡಿರುವ ಮರ, ಯಾರದೋ ತೋಟದೊಳಗಿನ ಅಬ್ಬಿ ಇದ್ದರೆ ಎಕ್ಸ್‌ಪೋರ್ಟ್ ಮಾಡುವಾಗಲೇ ಲೊಕೇಶನ್ ತೆಗೆಯುವ ಗುರುತು ಹಾಕಿ. ಕಾರವಾರದ ನೌಕಾನೆಲೆಯ ಸುತ್ತ ಫೋಟೊ ನಿಷೇಧದ ಫಲಕ ಇರುವಲ್ಲಿ ಕ್ಯಾಮೆರಾ ಚೀಲದೊಳಗೇ ಇರಲಿ, ಡ್ರೋನ್ ಅಂತೂ ಬೇಡವೇ ಬೇಡ.