ಪಂಪ್ ಬಿಚ್ಚದೆ ಮಿಸ್ಸಿಂಗ್ ಹೋಯ್ತು

ಡೀಸೆಲ್ ಪಂಪ್ ಮುಟ್ಟದೇ ಗಾಡಿಯ ಮಿಸ್ಸಿಂಗ್ (ಇಂಜಿನ್ ಕೆಮ್ಮಿ ಎಳೆತ ಬಿಡೋದು) ಸರಿ ಮಾಡಿದೆ ಅಂದರೆ ನಮ್ಮ ಸ್ಟ್ಯಾಂಡಿನಲ್ಲಿ ಈಗಲೂ ಅರ್ಧ ಜನ ನಂಬಲ್ಲ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಗಾಡಿ 2006ರ ಪಿಕಪ್. ಡಿಐ, ಅಂದರೆ ಡೈರೆಕ್ಟ್ ಇಂಜೆಕ್ಷನ್ ಡೀಸೆಲ್ ಇಂಜಿನ್, ಟರ್ಬೊ ಇಲ್ಲ. ದೋಷ ಓದುವ ಸ್ಕ್ಯಾನರ್ ಚುಚ್ಚೋಕೆ ಜಾಗವೇ ಇಲ್ಲ. ಹಾಸನದಿಂದ ಮಂಗಳೂರಿಗೆ ಶುಂಠಿ, ತರಕಾರಿ. ಬರುವಾಗ ಮೀನು ಇಲ್ಲವೇ ಟೈಲ್ಸ್. ಹೋಗುವಾಗ ಏನೂ ತೊಂದರೆ ಇಲ್ಲ. ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದ ಹಾಗೆ ಥರ್ಡ್ ಗೇರಿನಲ್ಲಿ ಕೆಮ್ಮು, ಬಿಳಿ ಹೊಗೆ, ಎಳೆತ ಪೂರ್ತಿ ಸತ್ತುಹೋಗುತ್ತಿತ್ತು. ಮಾರನಹಳ್ಳಿ ಹೊತ್ತಿಗೆ ಫಸ್ಟ್ ಗೇರ್, ಹಿಂದೆ ಟ್ಯಾಂಕರ್‌ಗಳ ಹಾರ್ನ್.

ಮೊದಲು ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನೋಜಲ್ ಮಾಡಿಸಿದೆ. ನಾಲ್ಕಕ್ಕೂ ಸೇರಿ ಐದಾರು ಸಾವಿರ. ಆ ಸಲ ನೆಲ್ಯಾಡಿಯಲ್ಲಿ ಡೀಸೆಲ್ ತುಂಬಿಸಿ ಹತ್ತಿದೆ, ಗಾಡಿ ಚೆನ್ನಾಗಿ ಎಳೆಯಿತು. ಎಲ್ಲರೂ ನೋಜಲ್‌ಗೆ ಜೈ ಅಂದರು. ಮುಂದಿನ ಟ್ರಿಪ್ಪಿನಲ್ಲಿ ಮತ್ತದೇ ರಾಗ. ಆಮೇಲೆ ಫಿಲ್ಟರ್, ತಾಮ್ರದ ವಾಷರ್, ಟ್ಯಾಪೆಟ್. ಕೊನೆಗೆ ಮೇಸ್ತ್ರಿ, "ಅಣ್ಣಾ, ಪಂಪ್ ಹೋಗಿದೆ, ಸುಮ್ನೆ ಒದ್ದಾಡ್ಬೇಡ, ಕ್ಯಾಲಿಬ್ರೇಷನ್‌ಗೆ ಬಿಡು" ಅಂದ. ಪಂಪ್ ಬಿಚ್ಚಿ ಅಳತೆ ಕೂರಿಸೋದು, ಹದಿನಾಲ್ಕು ಸಾವಿರದ ಲೆಕ್ಕ. ಇನ್ನೊಬ್ಬರು ಬೋರ್ ಕೂತಿದೆ, ಅಂದರೆ ಸಿಲಿಂಡರ್ ಸವೆದಿದೆ ಅಂದರು, ಅದು ಅರವತ್ತು ಸಾವಿರದ ಮಾತು. ಗಾಡಿ ಮಾರಿದರೂ ಅಷ್ಟು ಉಳಿಯಲ್ಲ.

ಬೋರ್ ಅಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಬಿಸಿ ಇಂಜಿನ್ ಐಡಲ್‌ನಲ್ಲಿಟ್ಟು ಆಯಿಲ್ ಮುಚ್ಚಳ ತಲೆಕೆಳಗಾಗಿ ಇಟ್ಟರೆ ಅದು ಕುಣಿಯಲೇ ಇಲ್ಲ. ಬೋರ್ ಸವೆದಿದ್ದರೆ ಒಳಗಿನ ಗಾಳಿಗೆ ಕುಣಿಯುತ್ತೆ. ಕಾಯಿಲೆ ಕಾಣಿಸುವಾಗಲೇ ರಸ್ತೆ ಬದಿ ನಿಲ್ಲಿಸಿ, ರೇಸ್ ಹಿಡಿದು, ಪಂಪಿನಿಂದ ನೋಜಲ್‌ಗೆ ಹೋಗುವ ಹೈ ಪ್ರೆಶರ್ ಪೈಪುಗಳ ನಟ್ ಒಂದೊಂದೇ ಸಡಿಲಿಸಿದೆ. ಸಡಿಲಿಸಿದರೂ ಇಂಜಿನ್ ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಸತ್ತಿದೆ ಅಂತ. ಒಮ್ಮೆ ಎರಡನೇ ಸಿಲಿಂಡರ್ ಸತ್ತಿತ್ತು, ಸ್ವಲ್ಪ ಹೊತ್ತಿಗೆ ನಾಲ್ಕನೆಯದು. ನೋಜಲ್ ಕೆಟ್ಟಿದ್ದರೆ ಮಿಸ್ಸಿಂಗ್ ಹೀಗೆ ಊರು ಬದಲಾಯಿಸುತ್ತಾ? ಗಾಳಿ ಎಳೀತಿದೆ ಅಂತ ಅಲ್ಲೇ ಅನ್ನಿಸಿತು. ಆದರೆ ಎಲ್ಲೂ ಒಂದು ಹನಿ ಡೀಸೆಲ್ ಸೋರಿಲ್ಲ. ಪಂಪ್ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಕಡೆ ಹಾಗೇ, ಗಾಳಿ ಒಳಗೆ ಹೋಗುತ್ತೆ, ಡೀಸೆಲ್ ಹೊರಗೆ ಬರಲ್ಲ.

ಐದು ಲೀಟರ್ ಕ್ಯಾನನ್ನು ಕ್ಯಾಬಿನ್ ಹಿಂದಿನ ಗಾರ್ಡಿಗೆ ಕಟ್ಟಿ, ಪೈಪ್ ನೇರ ಫೀಡ್ ಪಂಪಿಗೆ (ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಚಿಕ್ಕ ಪಂಪ್) ಕೊಟ್ಟೆ. ಉಳಿದ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪೂ ಕ್ಯಾನಿಗೇ. ಸೈಲೆನ್ಸರ್‌ನಿಂದ ದೂರ ಇಡಿ, ಅಷ್ಟೇ. "ಇದೇನು ಗ್ಲೂಕೋಸ್ ಬಾಟ್ಲಾ?" ಅಂತ ಗುಂಡ್ಯದ ಹೋಟೆಲಿನಲ್ಲಿ ನಕ್ಕರು. ಅದೇ ಲೋಡು, ಅದೇ ಘಾಟಿ, ದೋಣಿಗಲ್‌ವರೆಗೂ ಒಂದು ಕೆಮ್ಮಿಲ್ಲ. ಅಂದರೆ ಪಂಪ್, ನೋಜಲ್ ಎಲ್ಲ ಸರಿ. ಕಳ್ಳ ಇರೋದು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ.

ಆಮೇಲೆ ಹಾಲು ಕರೆಯುವ ಮಷಿನ್‌ನ ಹಳೇ ವ್ಯಾಕ್ಯೂಮ್ ಗೇಜನ್ನು (ಎಳೆತ ಅಳೆಯೋದು) ಟಿ ಜಾಯಿಂಟ್ ಹಾಕಿ ಟ್ಯಾಂಕಿನಿಂದ ಬರುವ ಆ ಲೈನಿಗೆ ಸೇರಿಸಿ, ವೈಪರ್‌ಗೆ ಕಟ್ಟಿಕೊಂಡು ಓಡಿಸಿದೆ. ಲೈನ್ ಕಸ ಕಟ್ಟಿ ಬ್ಲಾಕ್ ಆಗಿದ್ದರೆ ಮುಳ್ಳು ಏರುತ್ತೆ, ಗಾಳಿ ಹೊಕ್ಕರೆ ಬೀಳುತ್ತೆ. ಇಲ್ಲಿ ಏರುತ್ತಾ ಬಂದು, ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದ ಮೇಲೆ ದಡಕ್ಕನೆ ಬಿತ್ತು. ಪಕ್ಕದಲ್ಲಿ ಹಾಕಿದ್ದ ಪಾರದರ್ಶಕ ಪೈಪಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳ ಸಾಲು. ಆ ಪೈಪಿನ ಜಾಯಿಂಟೇ ಗಾಳಿ ಎಳೆಯದ ಹಾಗೆ ನಾನು ಏನು ಸುತ್ತಿದೆ ಅನ್ನೋದನ್ನು ಮಾತ್ರ ಹೇಳಲ್ಲ. ಹೊಟ್ಟೆಪಾಡು.

ಟ್ಯಾಂಕ್ ಒಳಗಿನ ಸಕ್ಷನ್ ಪೈಪ್ ಹೊರತೆಗೆದು, ಒಂದು ತುದಿ ಹೆಬ್ಬೆರಳಲ್ಲಿ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಊದಿದೆ. ಸರಿಯಾಗಿ ನಡುಮಧ್ಯದಲ್ಲಿ, ತುಕ್ಕಿನ ಹೊಪ್ಪಳೆ ಕೆಳಗಿಂದ ಗುಳ್ಳೆ. ಸೂಜಿ ಮೊನೆಯಷ್ಟು ತೂತು. ಟ್ಯಾಂಕ್ ತುಂಬಿದ್ದಾಗ ಅದು ಡೀಸೆಲ್‌ನಲ್ಲೇ ಮುಳುಗಿರುತ್ತೆ. ಮಟ್ಟ ಇಳಿದರೆ ಗಾಳಿಗೆ ಬಾಯಿ. ಕೆಳಗಿನ ಜಾಲರಿಯೂ ಕೆಸರಿನಿಂದ ಅರ್ಧ ಕಟ್ಟಿತ್ತು, ಅದಕ್ಕೇ ಲೋಡಿನಲ್ಲಿ ಎಳೆತ ಜಾಸ್ತಿಯಾಗಿ ತೂತಿನಿಂದ ಗಾಳಿ ನುಗ್ಗುತ್ತಿತ್ತು. ಗ್ಯಾರೇಜಿನವರು ಯಾವಾಗಲೂ ತುಂಬಿದ ಟ್ಯಾಂಕಿನಲ್ಲಿ ಟೆಸ್ಟ್ ಹೊಡೆದರೆ ಹೇಗೆ ಸಿಗುತ್ತೆ?

ಆ ಕೆಸರಿನ ಹಿಂದೆ ಇನ್ನೊಂದು ಕಥೆ ಇದೆ. ಅದಕ್ಕೂ ಮುಂಚೆ ಹೊಂಗೆ ಬಯೋಡೀಸೆಲ್ ಹತ್ತರಲ್ಲೊಂದು ಪಾಲು ಬೆರೆಸಿ ಓಡಿಸಿ ನೋಡಿದ್ದೆ. ಹೊಗೆ ಕಮ್ಮಿಯಾಯ್ತು ನಿಜ. ಆದರೆ ಅದು ಟ್ಯಾಂಕಿನ ಹಳೇ ಕೊಳೆಯನ್ನೆಲ್ಲ ಎಬ್ಬಿಸುತ್ತೆ, ಹಳೇ ರಬ್ಬರ್ ಪೈಪ್ ಮೆತ್ತಗೆ ಮಾಡುತ್ತೆ. ಟ್ಯಾಂಕ್ ತೊಳೆದು, ಪೈಪ್ ಬದಲಾಯಿಸಿ ಇನ್ನೊಮ್ಮೆ ನೋಡುವ ಆಸೆ ಇದೆ. 2ಟಿ (ಟೂ ಸ್ಟ್ರೋಕ್ ಗಾಡಿಯ) ಆಯಿಲ್ ಕೂಡ ಬೆರೆಸಿದ್ದೆ, ದುಡ್ಡು ದಂಡ.

ಪೈಪಿಗೆ ಹಿತ್ತಾಳೆ ವೆಲ್ಡಿಂಗ್ ನೂರೈವತ್ತು, ಪೈಪು ಕ್ಲಿಪ್ಪು ಇನ್ನೂರೋ ಮುನ್ನೂರೋ. ಈಗ ಟ್ಯಾಂಕ್ ಕಾಲು ಭಾಗ ಇದ್ದರೂ ಒಂದೂಕಾಲು ಟನ್ ಹಾಕಿಕೊಂಡು ಥರ್ಡಿನಲ್ಲೇ ಹತ್ತುತ್ತೆ. ಪಂಪ್ ಕ್ಯಾಲಿಬ್ರೇಷನ್‌ಗೆ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಹಿಂದಿನ ಎರಡು ಟೈರ್ ಹಾಕಿಸಿದೆ. ಮೊನ್ನೆ ಅದೇ ಮೇಸ್ತ್ರಿ, "ಆ ಗೇಜ್ ಎರಡು ದಿನ ಕೊಡು" ಅಂತ ಫೋನ್ ಮಾಡಿದ್ದ. ದಿನಕ್ಕೆ ನೂರು ರೂಪಾಯಿ ಬಾಡಿಗೆ ಅಂದಿದ್ದೇನೆ.